ಕಾಲೇಜು ಕಚೇರಿಗೆ ಸಾಫ್ಟ್‌ವೇರ್: ತರುವ ಮುನ್ನ, ತಂದ ಮೇಲೆ

ಯಾವುದಾದರೂ ಪದವಿ ಕಾಲೇಜಿನ ಕಚೇರಿಗೆ ಹೋಗಿ ‘ನಿಮ್ಮಲ್ಲಿ ಎಷ್ಟು ಸಾಫ್ಟ್‌ವೇರ್ ಇದೆ ಸಾರ್?’ ಎಂದು ಕೇಳಿ ನೋಡಿ. ‘ಒಂದೇ, ಫೀಸಿಂದು’ ಎನ್ನುತ್ತಾರೆ. ಪಕ್ಕದಲ್ಲಿ ಕೂತು ಎಣಿಸತೊಡಗಿದರೆ ಪಟ್ಟಿ ಬೆಳೆಯುತ್ತದೆ. ಪ್ರವೇಶ, ಪರೀಕ್ಷೆಗೆ ಯುಯುಸಿಎಂಎಸ್, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಸರ್ಕಾರಿ ಕಾಲೇಜಾದರೆ ಸಂಬಳಕ್ಕೆ ಎಚ್‌ಆರ್‌ಎಂಎಸ್, ಚಲನ್‌ಗೆ ಖಜಾನೆ-2, ಖಾಸಗಿಯಾದರೆ ಲೆಕ್ಕಕ್ಕೆ ಟ್ಯಾಲಿ, ಗ್ರಂಥಾಲಯದಲ್ಲಿ ಇ-ಗ್ರಂಥಾಲಯ ಅಥವಾ ಕೋಹಾ, ಬಾಗಿಲಲ್ಲಿ ಬಯೋಮೆಟ್ರಿಕ್, ವರ್ಷಕ್ಕೊಮ್ಮೆ ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆ ಎಐಎಸ್‌ಎಚ್‌ಇ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಎಕ್ಯೂಎಆರ್ ಎಂಬ ವಾರ್ಷಿಕ ವರದಿ. ಇದರ ಮೇಲೆ ಲೆಕ್ಕಕ್ಕೆ ಸಿಗದಷ್ಟು ವಾಟ್ಸ್ಆ್ಯಪ್ ಗುಂಪುಗಳು. ಒಬ್ಬಳೇ ವಿದ್ಯಾರ್ಥಿನಿಯ ಹೆಸರು, ಜಾತಿ, ಜನ್ಮದಿನಾಂಕವನ್ನು ಒಂದೇ ಕಚೇರಿಯ ಬೇರೆ ಬೇರೆ ಮೇಜುಗಳಲ್ಲಿ ಬೇರೆ ಬೇರೆಯವರು ಟೈಪ್ ಮಾಡುತ್ತಿರುತ್ತಾರೆ.

ಇಷ್ಟರ ನಡುವೆ ಆಡಳಿತ ಮಂಡಳಿಯ ಸಭೆಯಲ್ಲಿ ಯಾರೋ ‘ನಮ್ಮ ಕಾಲೇಜಿಗೂ ಒಂದು ಇಆರ್‌ಪಿ ಹಾಕಿಸೋಣ’ ಎನ್ನುತ್ತಾರೆ, ಅಂದರೆ ಕಚೇರಿಯ ಎಲ್ಲ ಕೆಲಸವನ್ನೂ ಒಂದೇ ಕಡೆ ಮಾಡುವ ಸಾಫ್ಟ್‌ವೇರ್. ಹಣ ಬಿಡುಗಡೆಯಾಗುತ್ತದೆ, ಉದ್ಘಾಟನೆಯ ಫೋಟೊ ತೆಗೆಸಿಕೊಳ್ಳುತ್ತಾರೆ, ಮುಂದಿನ ಪ್ರವೇಶದ ಹೊತ್ತಿಗೆ ಗುಮಾಸ್ತರು ಮತ್ತೆ ಎಕ್ಸೆಲ್‌ಗೆ ಮರಳಿರುತ್ತಾರೆ. ಇದರಲ್ಲಿ ಸಾಫ್ಟ್‌ವೇರಿನ ತಪ್ಪು ಕಡಿಮೆ. ಯೋಜನೆ ಯಾರದು, ಯಾರ ಕೆಲಸ ಅದರಿಂದ ಬದಲಾಗುತ್ತದೆ, ಯಾವ ತಿಂಗಳಲ್ಲಿ ಶುರು ಮಾಡಬೇಕು ಎಂಬುದನ್ನು ಯಾರೂ ತೀರ್ಮಾನಿಸಿರುವುದಿಲ್ಲ. ಆ ತೀರ್ಮಾನಗಳನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದೇ ಇಲ್ಲಿನ ವಿಷಯ. ಕರ್ನಾಟಕದ ಪದವಿ ಕಾಲೇಜುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

1. ಮೊದಲು ಇರುವುದರ ಪಟ್ಟಿ

ಹೊಸದರ ಮಾತೆತ್ತುವ ಮುನ್ನ ಒಂದು ಸಾದಾ ಎಕ್ಸೆಲ್ ಹಾಳೆ ತೆರೆಯಿರಿ. ಈಗ ಬಳಸುತ್ತಿರುವ ಪ್ರತಿಯೊಂದು ಸಾಫ್ಟ್‌ವೇರ್, ಪೋರ್ಟಲ್, ಯಂತ್ರಕ್ಕೂ ಒಂದೊಂದು ಸಾಲು. ಯಾವ ಕೆಲಸಕ್ಕೆ, ಯಾರು ಬಳಸುತ್ತಾರೆ, ಯಾರಿಂದ ಕೊಂಡದ್ದು, ನವೀಕರಣ ಯಾವಾಗ, ವರ್ಷಕ್ಕೆ ಎಷ್ಟು ಖರ್ಚು, ಮಾಹಿತಿ ಯಾವ ಕಂಪ್ಯೂಟರಿನಲ್ಲಿ ಅಥವಾ ಸರ್ವರಿನಲ್ಲಿದೆ ಎಂದು ಬರೆಯಿರಿ. ಕೊನೆಗೆ ಇನ್ನೊಂದು ಕಾಲಂ ಸೇರಿಸಿ: ಲಾಗಿನ್‌ನ ಒಟಿಪಿ ಯಾರ ಮೊಬೈಲಿಗೆ ಹೋಗುತ್ತದೆ?

ಈ ಕೊನೆಯ ಕಾಲಂ ತುಂಬುವಾಗಲೇ ಅರ್ಧ ರೋಗ ಗೊತ್ತಾಗುತ್ತದೆ. ಒಂದು ಪೋರ್ಟಲ್‌ನ ಒಟಿಪಿ ಹಿಂದಿನ ಪ್ರಾಂಶುಪಾಲರ ಸ್ವಂತ ನಂಬರಿಗೆ ಹೋಗುತ್ತಿರುತ್ತದೆ, ಅವರು ವರ್ಗವಾಗಿಯೋ ನಿವೃತ್ತರಾಗಿಯೋ ಹೋಗಿರುತ್ತಾರೆ. ಪ್ರತಿ ಸಲ ಅವರಿಗೆ ಫೋನ್ ಮಾಡಿ ‘ಸಾರ್, ನಂಬರ್ ಬಂತಾ?’ ಎಂದು ಕೇಳುವುದು ಕಚೇರಿಯ ದಿನಚರಿಯಲ್ಲಿ ಸೇರಿಹೋಗಿರುತ್ತದೆ. ಕಾಲೇಜಿನ ವೆಬ್‌ಸೈಟಿನ ಡೊಮೇನ್, ಅದನ್ನು ಮಾಡಿಕೊಟ್ಟ ಹುಡುಗನ ಹೆಸರಿನಲ್ಲೇ ನೋಂದಣಿಯಾಗಿರುವುದೂ ಅಪರೂಪವಲ್ಲ. ಅವನು ಬೇರೆ ಊರಿಗೆ ಹೋಗಿ ನವೀಕರಣದ ಹಣ ಕಟ್ಟದಿದ್ದರೆ ವೆಬ್‌ಸೈಟ್ ಮಾಯ.

ಪರಿಹಾರಕ್ಕೆ ಹೆಚ್ಚು ದುಡ್ಡೇನೂ ಬೇಕಿಲ್ಲ. ಕಾಲೇಜಿನ ಹೆಸರಲ್ಲಿ ಒಂದು ಸಿಮ್, ಒಂದು ಸಾದಾ ಫೋನ್ ತೆಗೆದು ಕಚೇರಿಯಲ್ಲೇ ಇಡಿ. ಪ್ರಾಂಶುಪಾಲರ ಹೆಸರಿನಲ್ಲಲ್ಲ, ಹುದ್ದೆಯ ಹೆಸರಿನಲ್ಲಿ ಒಂದು ಇಮೇಲ್ ಮಾಡಿ. ಎಲ್ಲ ಖಾತೆಗಳನ್ನೂ ಒಂದೊಂದಾಗಿ ಅದಕ್ಕೆ ವರ್ಗಾಯಿಸಿ. ಪ್ರಾಂಶುಪಾಲರು ಬದಲಾದಾಗ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿಯ ಜೊತೆ ಈ ಫೋನೂ ಇರಲಿ. ಹೊಸ ಸಾಫ್ಟ್‌ವೇರ್ ಬರಲಿ ಬಿಡಲಿ, ಇಷ್ಟು ಮಾಡಿದರೂ ಸಾಕಷ್ಟು ತಲೆನೋವು ಕಡಿಮೆಯಾಗುತ್ತದೆ.

2. ಯೋಜನೆ ಯಾರದು?

ಸಾಫ್ಟ್‌ವೇರ್ ಎಂದ ತಕ್ಷಣ ಎಲ್ಲರ ಕಣ್ಣು ಬಿಸಿಎ ವಿಭಾಗದ ಕಡೆ ಹೊರಳುತ್ತದೆ. ‘ಮೇಡಂ, ನೀವು ಕಂಪ್ಯೂಟರ್‌ನವರಲ್ವಾ, ನೀವೇ ನೋಡಿಕೊಳ್ಳಿ.’ ನನ್ನ ಮಟ್ಟಿಗೆ, ಕಾಲೇಜಿನ ಐಟಿ ಯೋಜನೆಗಳು ಹಳ್ಳ ಹಿಡಿಯಲು ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ಆ ಉಪನ್ಯಾಸಕಿಗೆ ಪೈಥಾನ್ ಗೊತ್ತಿರುತ್ತದೆ, ಆದರೆ ಪ್ರವರ್ಗ-1ರ ವಿದ್ಯಾರ್ಥಿಯ ಶುಲ್ಕ ವಿನಾಯಿತಿಯನ್ನು ಲೆಕ್ಕದಲ್ಲಿ ಎಲ್ಲಿ ತೋರಿಸುತ್ತಾರೆಂದು ಗೊತ್ತಿರುವುದಿಲ್ಲ. ಮಧ್ಯದಲ್ಲಿ ಕಾಲೇಜು ಬಿಟ್ಟವನಿಗೆ ಯಾವ ಶುಲ್ಕ ಹಿಂತಿರುಗಿಸಬೇಕು, ಯಾವುದನ್ನು ವಿಶ್ವವಿದ್ಯಾಲಯಕ್ಕೆ ಕಟ್ಟಿಯಾಗಿದೆ ಎಂಬುದು ಶುಲ್ಕದ ಕೌಂಟರಿನಲ್ಲಿ ಕೂತವರಿಗೆ ಮಾತ್ರ ಗೊತ್ತು. ಅವರನ್ನು ಕೇಳದೆ ಸಾಫ್ಟ್‌ವೇರ್ ತಂದರೆ, ಅವರು ಜಗಳವಾಡುವುದಿಲ್ಲ. ಸುಮ್ಮನೆ ಬಳಸುವುದಿಲ್ಲ, ಅಷ್ಟೇ. ಇನ್ನು ಕೆಲವು ಕಡೆ ಅತಿಥಿ ಉಪನ್ಯಾಸಕರೊಬ್ಬರ ತಲೆಗೆ ಕಟ್ಟುತ್ತಾರೆ. ಮುಂದಿನ ವರ್ಷ ಅವರ ನೇಮಕವೇ ಖಾತ್ರಿಯಿಲ್ಲದಿರುವಾಗ ಇಡೀ ಕಾಲೇಜಿನ ಪಾಸ್‌ವರ್ಡ್‌ಗಳನ್ನು ಅವರ ಕೈಗೆ ಕೊಡುವುದು ಅವರಿಗೂ ಅನ್ಯಾಯ, ಕಾಲೇಜಿಗೂ ಅಪಾಯ.

ಹೀಗೆ ಮಾಡಿ. ಯೋಜನೆಯ ಹೊಣೆಗಾರರು ಆ ಕೆಲಸ ನಡೆಯುವ ವಿಭಾಗದವರೇ ಆಗಿರಲಿ. ಶುಲ್ಕವಾದರೆ ಅಧೀಕ್ಷಕರು ಅಥವಾ ಪ್ರಥಮ ದರ್ಜೆ ಸಹಾಯಕರು, ಪರೀಕ್ಷೆಯಾದರೆ ಪರೀಕ್ಷಾ ವಿಭಾಗದ ಮುಖ್ಯಸ್ಥರು, ಪುಸ್ತಕವಾದರೆ ಗ್ರಂಥಪಾಲಕರು. ಬಿಸಿಎ ವಿಭಾಗದವರು ಸಲಹೆಗಾರರು. ಇವರದೇ ಒಂದು ಸಮಿತಿ ಮಾಡಿ. ಕಾಲೇಜಿನ ಆಂತರಿಕ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ಸಂಯೋಜಕರೂ ಅದರಲ್ಲಿರಲಿ, ಏಕೆಂದರೆ ವರದಿಗಳನ್ನು ಕೇಳುವವರು ಅವರೇ. ಐದು ಜನಕ್ಕಿಂತ ಹೆಚ್ಚು ಬೇಡ. ಪ್ರಾಂಶುಪಾಲರ ಸಹಿಯಿರುವ ಆದೇಶ ಹೊರಡಿಸಿ, ಅದರಲ್ಲಿ ಹೊಣೆಗಾರರ ಬೇರೆ ಯಾವ ಕೆಲಸವನ್ನು ಕಡಿಮೆ ಮಾಡಲಾಗಿದೆ ಎಂದೂ ಬರೆಯಿರಿ. ಆ ಸಾಲು ಇಲ್ಲದ ಆದೇಶ ಹೆಚ್ಚುವರಿ ಪ್ರಭಾರದ ಪಟ್ಟಿಗೆ ಇನ್ನೊಂದು ಸೇರ್ಪಡೆಯಾಗುತ್ತದೆ.

3. ಕಾಗದದ ಬೆನ್ನು ಹತ್ತಿ

ಈಗಿನ ಕೆಲಸ ಹೇಗೆ ನಡೆಯುತ್ತದೆಂದು ಕುರ್ಚಿಯಲ್ಲಿ ಕೂತು ಊಹಿಸಬೇಡಿ. ಒಂದು ಅರ್ಜಿಯ ಜೊತೆ ನಡೆದು ನೋಡಿ. ಟಿಸಿಯನ್ನೇ ತೆಗೆದುಕೊಳ್ಳಿ.

ಅಂತಿಮ ವರ್ಷ ಮುಗಿಸಿದ ಹುಡುಗ ಅರ್ಜಿ ಬರೆದುಕೊಂಡು ಬರುತ್ತಾನೆ. ಅವನ ಕೈಗೆ ನೋ ಡ್ಯೂ ಹಾಳೆ ಕೊಡುತ್ತಾರೆ. ಗ್ರಂಥಾಲಯದ ಸಹಿ, ಪ್ರಯೋಗಾಲಯದ ಸಹಿ, ದೈಹಿಕ ಶಿಕ್ಷಣ ನಿರ್ದೇಶಕರ ಸಹಿ, ಎನ್‌ಸಿಸಿಯಲ್ಲಿದ್ದರೆ ಸಮವಸ್ತ್ರ ವಾಪಸ್ ಮಾಡಿದ್ದಕ್ಕೆ ಸಹಿ, ಹಾಸ್ಟೆಲ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ. ದೈಹಿಕ ಶಿಕ್ಷಣ ನಿರ್ದೇಶಕರು ಅಂತರ ಕಾಲೇಜು ಪಂದ್ಯಾವಳಿಗೆ ಹೋಗಿರುತ್ತಾರೆ, ನಾಳೆ ಬಾ. ಮರುದಿನ ಗ್ರಂಥಪಾಲಕರು ರಜೆ. ಎಲ್ಲ ಸಹಿ ಆದ ಮೇಲೆ ಶುಲ್ಕ ಬಾಕಿ ನೋಡುತ್ತಾರೆ. ನಂತರ ದಾಖಲಾತಿ ವಹಿ ತೆಗೆದು, ಟಿಸಿ ಪುಸ್ತಕದಲ್ಲಿ ಬರೆದು, ಅಧೀಕ್ಷಕರ ಇನಿಷಿಯಲ್, ಪ್ರಾಂಶುಪಾಲರ ಸಹಿ, ಮೊಹರು.

ಪ್ರತಿ ಹಂತದಲ್ಲೂ ಗಡಿಯಾರ ನೋಡಿ ಬರೆದುಕೊಂಡರೆ, ಟಿಸಿ ಬರೆಯಲು ಹಿಡಿದದ್ದು ಕೆಲವೇ ನಿಮಿಷ, ಅಲೆದಾಟಕ್ಕೆ ಹಿಡಿದದ್ದು ದಿನಗಟ್ಟಲೆ ಎಂದು ಗೊತ್ತಾಗುತ್ತದೆ. ಹಾಗಿರುವಾಗ ‘ಟಿಸಿ ಪ್ರಿಂಟ್ ಮಾಡುವ ಸಾಫ್ಟ್‌ವೇರ್’ ಕೊಂಡು ಏನು ಉಳಿಯಿತು? ಬೇಕಾದದ್ದು ಬಾಕಿ ಇರುವವರ ಪಟ್ಟಿ. ಪ್ರತಿ ವಿಭಾಗವೂ ಸೆಮಿಸ್ಟರ್ ಮುಗಿಯುವ ಮೊದಲು ತನ್ನಲ್ಲಿ ಬಾಕಿಯಿರುವವರ ಹೆಸರನ್ನು ಮಾತ್ರ ಒಂದು ಹಂಚಿಕೊಂಡ ಹಾಳೆಯಲ್ಲಿ ಹಾಕಿದರೆ, ಹೆಸರಿಲ್ಲದವನಿಗೆ ಸಹಿಯೇ ಬೇಡ. ಇಂಥದ್ದಕ್ಕೆ ಕೆಲವೊಮ್ಮೆ ಗೂಗಲ್ ಶೀಟ್ ಸಾಕು, ಲಕ್ಷಗಟ್ಟಲೆ ಸುರಿಯಬೇಕಿಲ್ಲ.

ಹೀಗೆ ನೋಡಿದ್ದನ್ನು ಒಂದೇ ಪುಟದ ಟಿಪ್ಪಣಿ ಮಾಡಿ. ತೊಂದರೆ ಏನು, ಯಾರಿಗೆ, ಈಗ ಎಷ್ಟು ಸಮಯ ಹಿಡಿಯುತ್ತದೆ, ಎಷ್ಟಕ್ಕೆ ಇಳಿಸಬೇಕು, ಸಾಫ್ಟ್‌ವೇರ್ ಇಲ್ಲದೆ ನಿಯಮ ಬದಲಿಸಿಯೇ ಸರಿಪಡಿಸಬಹುದೇ. ಈ ಟಿಪ್ಪಣಿ ಇಲ್ಲದ ಯಾವ ಬೇಡಿಕೆಯನ್ನೂ ಸಮಿತಿ ಮುಟ್ಟಬಾರದು, ಅದು ಅಧ್ಯಕ್ಷರಿಂದಲೇ ಬಂದಿದ್ದರೂ.

4. ಯಾವುದು ಮೊದಲು, ಯಾವುದು ಬೇಡವೇ ಬೇಡ

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ಸಮಯಕ್ಕೆ ಒಂದು ದೊಡ್ಡ ಯೋಜನೆ, ಒಂದು ಸಣ್ಣದು.

ಸರ್ಕಾರಿ ಪೋರ್ಟಲ್ ಮಾಡುವ ಕೆಲಸವನ್ನೇ ಮತ್ತೆ ಮಾಡುವ ಸಾಫ್ಟ್‌ವೇರ್ ಕೊಳ್ಳಬೇಡಿ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸಂಯೋಜಿತವಾದ ಕಾಲೇಜುಗಳ ಪ್ರವೇಶ, ಪರೀಕ್ಷಾ ಅರ್ಜಿ, ಆಂತರಿಕ ಅಂಕ, ಫಲಿತಾಂಶ ಯುಯುಸಿಎಂಎಸ್‌ನಲ್ಲಿ ನಡೆಯುವಾಗ, ಅದೇ ಅಂಕಗಳನ್ನು ಕಾಲೇಜಿನ ಇಆರ್‌ಪಿಯಲ್ಲೂ ತುಂಬಿಸುವುದು ಉಪನ್ಯಾಸಕರಿಗೆ ಕೊಡುವ ಶಿಕ್ಷೆ. ಸ್ವಾಯತ್ತ ಕಾಲೇಜುಗಳ ಮಾತು ಬೇರೆ, ಪರೀಕ್ಷೆ ಅವರ ಕೈಯಲ್ಲೇ ಇರುತ್ತದೆ.

ಇನ್ನು ನ್ಯಾಕ್ ತಂಡ ಬರುವ ವರ್ಷದ ಖರೀದಿ. ನ್ಯಾಕ್‌ನ ಆರನೇ ಮಾನದಂಡದಲ್ಲಿ ಆಡಳಿತ, ಹಣಕಾಸು, ಪ್ರವೇಶ, ಪರೀಕ್ಷೆಗಳಲ್ಲಿ ಇ-ಆಡಳಿತ ಇದೆಯೇ ಎಂಬ ಪ್ರಶ್ನೆ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆಯುವುದಕ್ಕೆಂದೇ ಸಾಫ್ಟ್‌ವೇರ್ ಕೊಂಡ ಕಾಲೇಜುಗಳಿವೆ. ತಂಡ ಹೋದ ಮೇಲೆ ಆ ಲಾಗಿನ್ ತೆರೆದವರಿಲ್ಲ.

ಆಯ್ಕೆ ಮಾಡುವಾಗ ಇನ್ನೊಂದು ಸಂಗತಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪಠ್ಯಕ್ರಮ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಬದಲಾವಣೆಯ ವರ್ಷಗಳಲ್ಲಿ ಒಂದೇ ಕಾಲೇಜಿನಲ್ಲಿ ಹೊಸ ಪಠ್ಯಕ್ರಮದ ಮಕ್ಕಳು, ಹಳೆಯ ಪಠ್ಯಕ್ರಮದ ಮಕ್ಕಳು, ಅದಕ್ಕೂ ಹಿಂದಿನ ಸಿಬಿಸಿಎಸ್ ಪದ್ಧತಿಯಲ್ಲಿ ವಿಷಯ ಬಾಕಿ ಉಳಿಸಿಕೊಂಡವರು, ಎಲ್ಲರೂ ಇದ್ದರು. ಕೋರ್ಸಿನ ರಚನೆ, ವಿಷಯಗಳ ಪಟ್ಟಿ, ಶುಲ್ಕದ ಕೋಷ್ಟಕಗಳನ್ನು ಕಾಲೇಜಿನವರೇ ಬದಲಿಸಿಕೊಳ್ಳಲು ಆಗದ ಸಾಫ್ಟ್‌ವೇರ್ ಇಂಥ ವರ್ಷದಲ್ಲಿ ಕೈ ಕೊಡುತ್ತದೆ. ಪ್ರತಿ ಬದಲಾವಣೆಗೂ ಕಂಪನಿಗೆ ಫೋನ್ ಮಾಡಿ ಹಣ ಕಟ್ಟಬೇಕಾದರೆ ಅದು ಬೇಡ.

5. ಡೆಮೊ ನೋಡುವ ಕ್ರಮ, ಕರಾರಿನ ಮಾತು

ಮಾರಲು ಬಂದವರು ತಮ್ಮದೇ ಮಾಹಿತಿ ತುಂಬಿ ತೋರಿಸುತ್ತಾರೆ. ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯುತ್ತದೆ. ಅದನ್ನು ನೋಡಿ ಒಪ್ಪಬೇಡಿ. ನಿಮ್ಮ ಕಾಲೇಜಿನ ಅತಿ ತೊಡಕಿನ ಇಪ್ಪತ್ತು ಪ್ರಕರಣಗಳನ್ನು, ಹೆಸರು ಬದಲಿಸಿ, ಅವರ ಮುಂದಿಡಿ. ಬಿಎಸ್ಸಿಗೆ ಸೇರಿ ತಿಂಗಳ ನಂತರ ಬಿಎಗೆ ಬದಲಾದವಳು. ಅರ್ಧ ಶುಲ್ಕ ನಗದು, ಅರ್ಧ ಯುಪಿಐ ಕಟ್ಟಿದವನು. ವಿದ್ಯಾರ್ಥಿವೇತನ ಬಂದ ಮೇಲೆ ಕಟ್ಟುತ್ತೇನೆಂದು ಅನುಮತಿ ಪಡೆದವನು. ಒಂದು ವರ್ಷ ಬಿಟ್ಟು ಮರುಪ್ರವೇಶ ಪಡೆದವಳು. ಕಲ್ಯಾಣ ಕರ್ನಾಟಕದವರಿಗೆ ಕೊಡುವ 371(ಜೆ) ಪ್ರಮಾಣಪತ್ರ ತಡವಾಗಿ ತಂದವನು. ‘ಇವರಿಗೆ ರಸೀದಿ ಹಾಕಿ ತೋರಿಸಿ’ ಎನ್ನಿ. ಮೌಸ್ ಹಿಡಿಯುವವರು ಕಂಪನಿಯವರಲ್ಲ, ನಿಮ್ಮ ಕೌಂಟರಿನ ದ್ವಿತೀಯ ದರ್ಜೆ ಸಹಾಯಕರು ಹಿಡಿಯಲಿ.

ಖರೀದಿ ಸರ್ಕಾರಿ ಕಾಲೇಜಿನದಾದರೆ ಸಾರ್ವಜನಿಕ ಖರೀದಿಯ ಪಾರದರ್ಶಕತೆಗಾಗಿರುವ ಕೆಟಿಪಿಪಿ ಕಾಯ್ದೆ, 1999ರ ನಿಯಮ ಅನ್ವಯಿಸುತ್ತದೆ. ಮೂರು ಕೊಟೇಶನ್ ತರಿಸಿಬಿಟ್ಟರೆ ಮುಗಿಯಿತೆಂದುಕೊಳ್ಳದೆ ಇಲಾಖೆಯ ಲೆಕ್ಕಪತ್ರ ಶಾಖೆಯನ್ನು ಮೊದಲೇ ಕೇಳಿ. ಖಾಸಗಿ ಆಡಳಿತ ಮಂಡಳಿಗಳಿಗೆ ಸ್ವಾತಂತ್ರ್ಯ ಹೆಚ್ಚು, ಅದಕ್ಕೇ ಕರಾರೂ ಹೆಚ್ಚು ಸಡಿಲ.

ಕರಾರಿನಲ್ಲಿ ಇವು ಬರಹದಲ್ಲಿರಲಿ. ಮಾಹಿತಿಯ ಒಡೆತನ ಕಾಲೇಜಿನದು. ಕೇಳಿದಾಗ ಎಲ್ಲವನ್ನೂ ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ಕೊಡಬೇಕು, ಕರಾರು ಮುರಿದ ನಂತರವೂ. ವಿದ್ಯಾರ್ಥಿಯೊಬ್ಬನಿಗೆ ಇಷ್ಟು ಎಂಬ ದರವಾದರೆ, ಓದು ಮುಗಿಸಿ ಹೋದವರ ಮಾಹಿತಿ ಇಟ್ಟುಕೊಳ್ಳಲೂ ಹಣ ಕೇಳುತ್ತಾರೋ ಎಂಬುದು ಸ್ಪಷ್ಟವಾಗಿರಬೇಕು. ವಾರ್ಷಿಕ ನಿರ್ವಹಣಾ ಕರಾರಿನಲ್ಲಿ (ಎಎಂಸಿ) ಏನೇನು ಸೇರಿದೆ, ಜಿಎಸ್‌ಟಿ ಸೇರಿ ಮೂರು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಎಂದು ಹಾಕಿಸಿ. ಮೊದಲ ವರ್ಷದ ಬೆಲೆ ಕಡಿಮೆ ಹೇಳಿ ಎರಡನೇ ವರ್ಷ ಎಳೆಯುವುದು ಹಳೆಯ ಪದ್ಧತಿ. ಪೂರ್ತಿ ಹಣ ಮೊದಲೇ ಕೊಡಬೇಡಿ. ಕೊನೆಯ ಕಂತು, ಒಂದು ಪೂರ್ತಿ ಪ್ರವೇಶದ ಸುತ್ತು ಮುಗಿದು ಲೆಕ್ಕ ತಾಳೆಯಾದ ಮೇಲೆ.

6. ಮಾಹಿತಿಯನ್ನು ಹಸನು ಮಾಡುವುದು

ಯಾರೂ ಸಮಯ ಮೀಸಲಿಡದ, ಆದರೆ ಅತಿ ಹೆಚ್ಚು ಸಮಯ ತಿನ್ನುವ ಕೆಲಸ ಇದು.

ಹೆಸರಿನಿಂದಲೇ ಶುರು. ನಮ್ಮಲ್ಲಿ ಮನೆತನದ ಹೆಸರಿಲ್ಲದವರು ಬಹಳ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್. ಎಸ್.’, ಆಧಾರಿನಲ್ಲಿ ಇನಿಷಿಯಲ್ ಬಿಡಿಸಿ ಊರು, ತಂದೆಯ ಹೆಸರು ಸೇರಿಸಿ ಉದ್ದ, ಬ್ಯಾಂಕಿನಲ್ಲಿ ಬರೀ ‘ಮಂಜುನಾಥ’. ಸಾಫ್ಟ್‌ವೇರ್ ಮಾತ್ರ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ತೆರೆದು ಕೂತಿರುತ್ತದೆ. ಗುಮಾಸ್ತರು ಒಬ್ಬೊಬ್ಬರು ಒಂದೊಂದು ರೀತಿ ತುಂಬುತ್ತಾರೆ. ಇದರ ಫಲ ಕಾಣುವುದು ವಿದ್ಯಾರ್ಥಿವೇತನದ ಅರ್ಜಿ ಹೆಸರು ತಾಳೆಯಾಗದೆ ನಿಂತಾಗ. ನಿಯಮ ಒಂದೇ ಇರಲಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದಂತೆ, ಚುಕ್ಕೆ, ಜಾಗ ಸಹಿತ, ಒಂದೇ ಖಾನೆಯಲ್ಲಿ. ಆಧಾರಿನಲ್ಲಿರುವ ಹೆಸರಿಗೆ ಬೇರೆ ಖಾನೆ. ಇದನ್ನು ಒಪ್ಪದ ಸಾಫ್ಟ್‌ವೇರನ್ನು ಡೆಮೊದಲ್ಲೇ ಕೈಬಿಡಬಹುದು.

ಎರಡನೆಯದು ಹಳೆಯ ಕನ್ನಡ ಕಡತಗಳು. ನುಡಿ, ಬರಹದ ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಪಟ್ಟಿಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಹೊಸ ಸಾಫ್ಟ್‌ವೇರಿಗೆ ಹಾಕಿದರೆ ಅರ್ಥವಿಲ್ಲದ ಸಾಲುಗಳು ಬರುತ್ತವೆ, ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯೂ ಆಗುವುದಿಲ್ಲ. ಪರಿವರ್ತಕಗಳಿವೆ, ಆದರೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಲ್ಲಿ ಓದಿಯೇ ನೋಡಬೇಕು. ಪ್ರಮಾಣಪತ್ರದ ಮೇಲೆ ತನ್ನ ಹೆಸರು ಕೆಟ್ಟು ಬಂದರೆ ವಿದ್ಯಾರ್ಥಿ ಬಿಡುವುದಿಲ್ಲ, ಬಿಡಬಾರದು ಕೂಡ.

ಹಳೆಯದನ್ನೆಲ್ಲ ತುಂಬಿಸುವ ಹಟ ಬೇಡ. ಈಗ ಓದುತ್ತಿರುವ ಮೂರು ವರ್ಷದವರದು ಸಾಕು. ಉಳಿದದ್ದು ದಾಖಲಾತಿ ವಹಿಯಲ್ಲಿ ಭದ್ರವಾಗಿದೆ, ಬೇಕೆನಿಸಿದರೆ ಆ ವಹಿಯನ್ನು ಸ್ಕ್ಯಾನ್ ಮಾಡಿಡಿ.

7. ಶುರು ಮಾಡುವ ತಿಂಗಳು

ಪಿಯು ಫಲಿತಾಂಶ ಬಂದು ಕೌಂಟರ್ ಮುಂದೆ ಸಾಲು ನಿಂತಿರುವಾಗ ಹೊಸ ಸಾಫ್ಟ್‌ವೇರ್ ಶುರು ಮಾಡುವುದು, ಪರೀಕ್ಷಾ ಅರ್ಜಿಯ ಕೊನೆಯ ವಾರದಲ್ಲಿ ತರಬೇತಿ ಇಡುವುದು, ಎರಡೂ ಬೇಡ. ಪ್ರವೇಶದ ಗಲಾಟೆ ಇಳಿದ ಮೇಲೆ, ಪರೀಕ್ಷೆಗೆ ಇನ್ನೂ ಎರಡು ತಿಂಗಳಿರುವಾಗ ಒಂದು ಸಣ್ಣ ಗುಂಪಿನಿಂದ ಆರಂಭಿಸಿ, ಉದಾಹರಣೆಗೆ ಎರಡನೇ ಕಂತಿನ ಶುಲ್ಕ, ಬಿಕಾಂ ಮೊದಲ ವರ್ಷದವರಿಗೆ ಮಾತ್ರ. ಒಂದು ತಿಂಗಳು ರಸೀದಿ ಪುಸ್ತಕವೂ ಸಾಫ್ಟ್‌ವೇರೂ ಜೊತೆಯಾಗಿ ನಡೆಯಲಿ. ಪ್ರತಿ ಸಂಜೆ ನಗದು ಪುಸ್ತಕ, ಸಾಫ್ಟ್‌ವೇರಿನ ದಿನದ ಮೊತ್ತ, ಬ್ಯಾಂಕಿನ ಜಮೆ ಮೂರನ್ನೂ ತಾಳೆ ಹಾಕಿ. ವ್ಯತ್ಯಾಸ ಬಂದರೆ ಅಂದೇ ಕಾರಣ ಹುಡುಕಿ, ನಾಳೆಗೆ ತಳ್ಳಿದರೆ ಸಿಗುವುದಿಲ್ಲ.

ಕರೆಂಟ್ ಹೋಗುತ್ತದೆ, ನೆಟ್ ಹೋಗುತ್ತದೆ. ಆಗ ಏನು ಮಾಡಬೇಕೆಂದು ಕೌಂಟರಿನ ಗೋಡೆಗೆ ಬರೆದು ಅಂಟಿಸಿ: ಕೈಬರಹದ ರಸೀದಿ ಪುಸ್ತಕ ಯಾವ ಡ್ರಾಯರಿನಲ್ಲಿದೆ, ಅದರ ಸಂಖ್ಯೆಯನ್ನು ನಂತರ ಸಾಫ್ಟ್‌ವೇರಿಗೆ ಯಾರು ಏರಿಸುತ್ತಾರೆ.

8. ‘ಇದೊಂದು ಸೇರಿಸಿಬಿಡಿ’

ಕೆಲಸ ಅರ್ಧಕ್ಕೆ ಬಂದಾಗ ಬೇಡಿಕೆಗಳು ಶುರುವಾಗುತ್ತವೆ. ಕಾರಿಡಾರಿನಲ್ಲಿ ಸಿಕ್ಕ ಪ್ರಾಂಶುಪಾಲರು ‘ಪೋಷಕರಿಗೆ ಎಸ್‌ಎಂಎಸ್ಸೂ ಹೋಗಲಿ’ ಎನ್ನುತ್ತಾರೆ, ಕಾರ್ಯದರ್ಶಿಗಳು ಹಳೆಯ ವಿದ್ಯಾರ್ಥಿಗಳ ಆ್ಯಪ್ ಕೇಳುತ್ತಾರೆ. ಬಾಯಿಮಾತಿನ ಬೇಡಿಕೆಯನ್ನು ಕಂಪನಿಯವರಿಗೆ ದಾಟಿಸಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕೇಳಿದವರು, ಕಾರಣ ಬರೆದಿಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಸಮಿತಿ ಕೂತು ಈಗ ಮಾಡುವುದು, ಮುಂದಿನ ವರ್ಷಕ್ಕೆ, ಬೇಡ ಎಂದು ಗುರುತು ಹಾಕಲಿ. ಬರೆದಿಟ್ಟ ಮಾತ್ರಕ್ಕೇ ಅರ್ಧ ಬೇಡಿಕೆಗಳು ತಾವಾಗಿ ಕರಗುತ್ತವೆ. ‘ಬೇಡ’ ಎನ್ನಲು ಅಧೀಕ್ಷಕರಿಗೆ ಸಂಕೋಚವಾಗುವುದು ಸಹಜ. ಅದಕ್ಕೇ ತೀರ್ಮಾನ ಸಮಿತಿಯ ಹೆಸರಲ್ಲಿ ಬರಬೇಕು.

9. ವಿದ್ಯಾರ್ಥಿಗಳ ಮಾಹಿತಿ ಬೀದಿಗೆ ಬೀಳದಂತೆ

ಆಧಾರ್ ಪ್ರತಿ, ಜಾತಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಪುಸ್ತಕದ ಫೋಟೊಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿಸಿಕೊಳ್ಳುವ ರೂಢಿ ಇಂದೇ ನಿಲ್ಲಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಪದವಿ ಮೊದಲ ವರ್ಷಕ್ಕೆ ಸೇರುವ ಎಷ್ಟೋ ಜನ 17ರಲ್ಲಿರುತ್ತಾರೆ ಎಂಬುದನ್ನು ಪ್ರವೇಶ ಸಮಿತಿ ಗಮನಿಸಬೇಕು.

ಸಾಫ್ಟ್‌ವೇರಿನಲ್ಲಿ ಎಲ್ಲರಿಗೂ ಒಂದೇ ಲಾಗಿನ್ ಬೇಡ. ಯಾರು ರಸೀದಿ ರದ್ದು ಮಾಡಿದರು ಎಂದು ಲೆಕ್ಕ ಪರಿಶೋಧಕರು ಕೇಳಿದಾಗ ‘ಅಡ್ಮಿನ್’ ಎಂಬ ಉತ್ತರ ಯಾರನ್ನೂ ಉಳಿಸುವುದಿಲ್ಲ. ಬ್ಯಾಕಪ್ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಕಾಲೇಜಿನ ಹೊರಗೆ. ತಿಂಗಳಿಗೊಮ್ಮೆ ಆ ಬ್ಯಾಕಪ್ಪಿನಿಂದ ಒಬ್ಬ ವಿದ್ಯಾರ್ಥಿಯ ದಾಖಲೆಯನ್ನು ತೆರೆದು ನೋಡಿ, ಇಲ್ಲದಿದ್ದರೆ ಬ್ಯಾಕಪ್ ಇದೆ ಎಂಬುದು ನಂಬಿಕೆ ಮಾತ್ರ. ಸೈಬರ್ ದಾಳಿಯಂಥ ಘಟನೆ ನಡೆದರೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿದೆ. ಹಾಗಾಗಿ ಯಾರಿಗೆ ಮೊದಲು ಫೋನ್ ಮಾಡಬೇಕೆಂಬುದನ್ನು ಮುಂಚೆಯೇ ಗೊತ್ತುಮಾಡಿಡಿ.

10. ಯೋಜನೆಯನ್ನು ಮುಗಿಸುವುದು

ಒಂದು ಸೆಮಿಸ್ಟರ್ ಕಳೆದ ಮೇಲೆ ಮೂರನೇ ಹಂತದ ಒಂದು ಪುಟದ ಟಿಪ್ಪಣಿಯನ್ನು ಹೊರತೆಗೆಯಿರಿ. ಎಷ್ಟಕ್ಕೆ ಇಳಿಸುತ್ತೇವೆಂದು ಬರೆದಿದ್ದಿರೋ ಅಷ್ಟಾಗಿದೆಯೇ ಎಂದು ಮತ್ತೊಮ್ಮೆ ಗಡಿಯಾರ ಹಿಡಿದು ನೋಡಿ. ಆಗಿರದಿದ್ದರೆ ಕಾರಣ ಅದೇ ಹಾಳೆಯ ಹಿಂಬದಿಯಲ್ಲಿ ಬರೆದು ಕಡತಕ್ಕೆ ಸೇರಿಸಿ, ಮುಂದಿನ ಖರೀದಿಯ ದಿನ ಆ ಕಡತ ಮೇಜಿನ ಮೇಲಿರಲಿ. ಬಳಕೆಯ ಕೈಪಿಡಿಯನ್ನು ಕಂಪನಿಯವರ ಇಂಗ್ಲಿಷ್ ಪಿಡಿಎಫ್‌ಗೆ ಬಿಡದೆ, ಕೌಂಟರಿನವರೇ ಕನ್ನಡದಲ್ಲಿ ನಾಲ್ಕೈದು ಪುಟ ಬರೆಯಲಿ. ವರ್ಗವಾಗಿ ಬಂದ ಹೊಸಬರಿಗೆ ಉಪಯೋಗಕ್ಕೆ ಬರುವುದು ಅದೇ.

ಹಳೆಯ ಸಾಫ್ಟ್‌ವೇರನ್ನು ಕೂಡಲೇ ಅಳಿಸಬೇಡಿ. ಆ ವರ್ಷದ ಆಡಿಟ್ ಮುಗಿದು ಆಕ್ಷೇಪಣೆಗಳಿಗೆ ಉತ್ತರ ಕೊಡುವವರೆಗೂ ಒಂದು ಕಂಪ್ಯೂಟರಿನಲ್ಲಿ, ನೋಡಲು ಮಾತ್ರ ಬರುವಂತೆ ಉಳಿಸಿ. ಹೊಸ ನಮೂದು ಅದರಲ್ಲಿ ಆಗದಂತೆ ಪಾಸ್‌ವರ್ಡ್ ಬದಲಿಸಿ, ಆ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಹಾಕಿ ಪ್ರಾಂಶುಪಾಲರ ಬೀರುವಿಗೆ ಸೇರಿಸಿ, ಒಂದನೇ ಹಂತದ ಪಟ್ಟಿಯಲ್ಲಿ ಆ ಸಾಲಿನ ಮುಂದೆ ಮುಚ್ಚಿದ ದಿನಾಂಕ ಬರೆಯಿರಿ.